ಚೀಲ ಬದಲಿಸಲು ಇಲ್ಲದ ದಿನ

ಕೈಗವಸು ಕಳಚಿದ್ದು ಯಾವಾಗ ಎಂದು ಆಮೇಲೆ ಎಷ್ಟು ತಡಕಾಡಿದರೂ ಗನ್ನಕ್ಕನಿಗೆ ನೆನಪಾಗಲಿಲ್ಲ. ಅಂಗೈ ಉಕ್ಕಿಗೆ ತಾಗಿದ್ದು ಮಾತ್ರ ನೆನಪಿತ್ತು. ತಣ್ಣಗಿತ್ತು, ಬೆಕ್ಕಿನ ನಾಲಗೆಯ ಹಾಗೆ ತರಿತರಿಯಾಗಿತ್ತು. ಬೆರಳು ಅಗಲಿಸಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಒಂದು ಬಟ್ಟಲಿನ ಒಳಮೈಗೆ ಕೈ ಒತ್ತಿದಳು. ಅದು ಸಾಲದು ಅನ್ನಿಸಿತೋ ಏನೋ, ಪಕ್ಕದ ಬಟ್ಟಲಿಗೂ ಒತ್ತಿದಳು.

ಆ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿರಲಿಲ್ಲ. ಕ್ರೇನಿನಲ್ಲಿ ತೂಗುತ್ತಿದ್ದದ್ದು ವಿದ್ಯುತ್ ಕೇಂದ್ರದ ಚಕ್ರ. ಆಳೆತ್ತರದ ಉಕ್ಕಿನ ಗಾಲಿ, ಅಂಚಿನ ಸುತ್ತಲೂ ಜೋಡಿ ಬಟ್ಟಲುಗಳು. ಬೆಟ್ಟದ ಮೇಲಿನಿಂದ ಕೊಳವೆಯಲ್ಲಿ ಧುಮುಕುವ ನೀರು ಈ ಬಟ್ಟಲುಗಳಿಗೆ ಹೊಡೆದು ಚಕ್ರವನ್ನು ತಿರುಗಿಸುತ್ತದೆ. ಬರೀ ನೀರಾಗಿದ್ದರೆ ಉಕ್ಕು ಹೇಗೋ ತಡೆದುಕೊಳ್ಳುತ್ತಿತ್ತು. ನೀರಿನ ಜೊತೆ ಬರುವ ಸಣ್ಣ ಮರಳು ಉಕ್ಕನ್ನು ಮೇಯುತ್ತದೆ. ಹೊಳೆ ಕೆಂಪಾಗಿ ಹರಿಯುವ ಕಾಲ ಮುಗಿಯುವಷ್ಟರಲ್ಲಿ ಬಟ್ಟಲಿನ ಅಂಚು ಹುಳುಕು ಹಲ್ಲಿನಂತಾಗಿರುತ್ತದೆ. ಅದನ್ನು ತಡೆಯಲು ಲೇಪ ಬೇಕು. ಟಂಗ್‌ಸ್ಟನ್ ಕಾರ್ಬೈಡ್ ಎಂಬ ಬೂದು ಪುಡಿಯನ್ನು ಗನ್ನಿನ ಬೆಂಕಿಯಲ್ಲಿ ಕಾಯಿಸಿ, ಬಂದೂಕಿನ ಗುಂಡಿನ ವೇಗದಲ್ಲಿ ಬಟ್ಟಲಿಗೆ ಹೊಡೆದರೆ ಉಗುರಿಗಿಂತ ತೆಳ್ಳಗಿನ ಪದರವೊಂದು ಕೂರುತ್ತದೆ. ಅದು ಮರಳಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಆ ಗನ್ನು ಹಿಡಿಯುವವಳು ಅವಳು. ಅದಕ್ಕೇ ಕಾರ್ಖಾನೆಯ ಬಾಯಲ್ಲಿ ಅವಳು ಗನ್ನಕ್ಕ.

ಪದರ ಕಚ್ಚಿ ಕೂರಬೇಕಾದರೆ ಉಕ್ಕು ತರಿಯಾಗಿರಬೇಕು, ಚೊಕ್ಕಟವಾಗಿರಬೇಕು. ಅದಕ್ಕಾಗಿ ಮೊದಲು ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ದಪ್ಪ ಹೋಸ್ ಹಿಡಿದು, ಗಡಸು ಹರಳುಗಳನ್ನು ಗಾಳಿಯ ಒತ್ತಡದಲ್ಲಿ ಎರಚಿ ಇಡೀ ಚಕ್ರವನ್ನು ಉಜ್ಜುತ್ತಾರೆ. ಉಜ್ಜಿದ ಮೇಲೆ ಒಂದು ಗಡುವು. ಅದರೊಳಗೆ ಲೇಪ ಆಗಬೇಕು, ಇಲ್ಲದಿದ್ದರೆ ಉಕ್ಕು ಮಂಕಾಗುತ್ತದೆ. ಆ ಹೊತ್ತಿನಲ್ಲಿ ಯಾರೂ ಅದನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಮನುಷ್ಯರ ಕೈಯ ಜಿಡ್ಡು ಒಂದಿಷ್ಟು ಸೋಂಕಿದರೂ ಸಾಕು, ಅಷ್ಟಗಲ ಲೇಪ ಹೊಳೆಯಲ್ಲಿ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಅಂಥಾ ಉಕ್ಕಿಗೆ ಅವಳು ಎರಡು ಕಡೆ ಕೈ ಒತ್ತಿ, ಗೋಡೆಗೊರಗಿ ನಿಂತಿದ್ದಳು.

"ಏನಮ್ಮ ಇದು?" ಎಂದರು ಮ್ಯಾನೇಜರ್. ಮೆಟ್ಟಿಲಿಳಿದು ಬಂದ ಏದುಸಿರು ಇನ್ನೂ ಆರಿರಲಿಲ್ಲ.

"ಕೈ, ಸಾರ್."

"ಅದು ಕಾಣ್ಸುತ್ತೆ. ಯಾಕೆ ಇಟ್ಟೆ?"

ಅವಳು ಉತ್ತರ ಕೊಡುವ ಬದಲು ಗೋಡೆಯ ದೊಡ್ಡ ಕಿಂಡಿಯನ್ನು ತೋರಿಸಿದಳು. ಗನ್ನು ಹೊಡೆಯುವಾಗ ಪುಡಿಯಲ್ಲಿ ಒಂದು ಪಾಲು ಬಟ್ಟಲಿಗೆ ಅಂಟದೆ ಗಾಳಿಗೆ ಏಳುತ್ತದೆ. ಅದನ್ನು ಎಳೆದುಕೊಂಡು ಹೋಗಿ ಸೋಸುಚೀಲಗಳಿಗೆ ತುಂಬುವುದು ಆ ಕಿಂಡಿಯ ಹಿಂದಿರುವ ಫ್ಯಾನಿನ ಕೆಲಸ. ಕಿಂಡಿಯ ಬಾಯಿಗೆ ಅವಳೇ ಒಂದು ಬಟ್ಟೆ ಚೂರು ಕಟ್ಟಿದ್ದಳು. ಎಳೆತವಿದ್ದರೆ ಅದು ನೆಟ್ಟಗೆ ಒಳಕ್ಕೆ ಚಾಚಿಕೊಂಡಿರಬೇಕು. ಫ್ಯಾನ್ ಗುಡುಗುಡು ತಿರುಗುತ್ತಿತ್ತು. ಬಟ್ಟೆ ಮಾತ್ರ ಜೋತು ಬಿದ್ದಿತ್ತು.

"ಚೀಲ ಒಂದಷ್ಟು ಕಟ್ಟಿಕೊಂಡಿವೆ, ಒಂದಷ್ಟು ಹರಿದಿವೆ. ಹೊಸವು ಸ್ಟೋರಲ್ಲಿ ಬಿದ್ದಿವೆ ಸಾರ್. ಹಾಕ್ಸಿ. ಹಾಕ್ಸೋವರೆಗೂ ನಾನು ಗನ್ನು ಮುಟ್ಟಲ್ಲ."

"ಚೀಲ ಬದಲಿಸೋದು ಅಂದ್ರೆ ಒಂದಿಡೀ ದಿನ ಫ್ಯಾನ್ ನಿಲ್ಲಬೇಕು. ಕೆಂಪು ನೀರು ಇನ್ನೇನು ಬಂತು ಅಂತ ಕೇಂದ್ರದವರು ಪ್ರಾಣ ಹಿಂಡ್ತಿದಾರೆ. ಇದೊಂದು ಚಕ್ರ ಹೋಗ್ಲಿ, ಆಮೇಲೆ ಹಾಕ್ಸೋಣ ಅಂದಿದ್ದೆ ತಾನೆ?"

"ಹೋದ ಚಕ್ರಕ್ಕೂ ಅದನ್ನೇ ಅಂದಿದ್ರಿ. ಅದರ ಹಿಂದಿನದಕ್ಕೂ ಅದೇ."

"ನಿನಗೆ ಗಾಳಿ ಬರೋ ಟೋಪಿ ಇಲ್ವಾ? ನಾನು ಗನ್ನು ಹಿಡೀತಿದ್ದ ಕಾಲದಲ್ಲಿ ಬಾಯಿಗೆ ಕರ್ಚೀಫು ಕಟ್ಕೊಂಡು ಹೊಡೆದಿದೀವಿ."

"ಟೋಪಿಗೆ ಗಾಳಿ ಒತ್ತೋ ಕಂಪ್ರೆಸರ್ ಓಣಿಯಲ್ಲಿದೆ. ಹರಿದ ಚೀಲ ಉಗುಳೋದೂ ಅದೇ ಓಣಿಗೆ. ಕೋಣೆಯ ಧೂಳನ್ನೇ ಸುತ್ತು ಹಾಕ್ಸಿ ನನ್ನ ಮೂಗಿಗೆ ತಂದು ಬಿಡ್ತಿದೀರಿ. ಟೋಪಿ ಕೊಟ್ಟಿಲ್ಲ ಸಾರ್, ಹಾಕಿದೀರಿ."

ಬಾಗಿಲ ಬಳಿ ಯಾರೋ ಕಿಸಕ್ಕನೆ ನಕ್ಕರು. ವಿದ್ಯುತ್ ಕೇಂದ್ರದಿಂದ ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ನಗಲಿಲ್ಲ. ಕೊರಳಲ್ಲಿ ಸದಾ ಭೂತಗನ್ನಡಿ ನೇತು ಹಾಕಿಕೊಂಡಿರುವುದರಿಂದ ಆತನಿಗೆ ಎಲ್ಲರೂ ಭೂತಪ್ಪ ಅನ್ನುತ್ತಿದ್ದರು, ಎದುರಿಗಲ್ಲ. ಭೂತಪ್ಪ ಕೈ ಒತ್ತಿದ ಜಾಗಕ್ಕೆ ಕನ್ನಡಿ ಹಿಡಿದು ನೋಡುತ್ತಿದ್ದ. ಧೂಳಿನ ವಿಷಯ ಬಂದಾಗೆಲ್ಲ ಅದು ನಮ್ಮ ಇಲಾಖೆಯದ್ದಲ್ಲ ಎನ್ನುವ ಮುಖ ಅದು. ಉಕ್ಕಿಗೆ ಏನಾದರೂ ಆದರೆ ಮಾತ್ರ ಆ ಮುಖಕ್ಕೆ ಜೀವ ಬರುತ್ತಿತ್ತು.

"ಸ್ಪಿರಿಟ್ ಹಾಕಿ ಒರೆಸಿಬಿಟ್ರೆ?" ಮ್ಯಾನೇಜರ್ ಕೇಳಿದರು.

"ಜಿಡ್ಡು ತರಿಯೊಳಗೆ ಇಳಿದಿರುತ್ತೆ. ಆಗಲ್ಲ. ಈ ಎರಡು ಬಟ್ಟಲು ಮತ್ತೆ ಉಜ್ಜಿ ಮುಗಿಸೋಷ್ಟರಲ್ಲಿ ಉಳಿದವಕ್ಕೂ ಗಡುವು ದಾಟುತ್ತೆ. ಪೂರಾ ಚಕ್ರ ಮತ್ತೆ ಉಜ್ಜಿ," ಎಂದ ಭೂತಪ್ಪ.

ಮ್ಯಾನೇಜರ್ ಗನ್ನಕ್ಕನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಇರಿಸುಮುರಿಸಾಯಿತು.

"ಸರಿ. ನಿಮ್ಮ ಭಾವನಿಗೆ ಫೋನ್ ಮಾಡ್ತೀನಿ. ಈಗಷ್ಟೇ ಪಾಳಿ ಮುಗಿಸಿ ಹೋದ, ಪಾಪ. ಮತ್ತೆ ಬಂದು ಉಜ್ಜಲಿ. ಆಮೇಲೆ ನೀನು ಹಿಡಿದ್ರೆ ಹಿಡಿ, ಇಲ್ಲಾಂದ್ರೆ ಗನ್ನು ನಾನೇ ಹಿಡೀತೀನಿ. ನನಗೇನು ಮರೆತಿಲ್ಲ."

ಅವಳು ಎಷ್ಟೋ ದಿನದಿಂದ ಹೊಂಚಿದ್ದಳು, ಕಾರ್ಖಾನೆಯ ಕತ್ತು ಎಲ್ಲಿ ಸಿಗುತ್ತದೆ ಎಂದು ಹುಡುಕಿದ್ದಳು. ಸಿಕ್ಕಿದ ಕತ್ತು ಭಾವನದಾಗಿತ್ತು.

ಹೋಸ್ ಹಿಡಿದು ಉಜ್ಜುವವನು ಅಕ್ಕನ ಗಂಡ. ಮೂವರೂ ಇದ್ದದ್ದು ಒಂದೇ ಮನೆಯಲ್ಲಿ, ಕಾರ್ಖಾನೆಯ ಹಿಂಬದಿಯ ಕಟ್ಟಡದ ಮೇಲಿನ ಮಹಡಿಯ ಎರಡು ಕೋಣೆಗಳಲ್ಲಿ. ಗನ್ನಕ್ಕ ಗೇಟು ದಾಟಿ, ರಸ್ತೆ ದಾಟಿ, ಫೋನಿಗಿಂತ ಮುಂಚೆ ಮುಟ್ಟುವವಳಂತೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಭಾವ ಆಗಲೇ ಫೋನ್ ಕೆಳಗಿಟ್ಟು, ಬಚ್ಚಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಒದ್ದೆ ಬಟ್ಟೆಯ ತುದಿಯಿಂದ ಕಿವಿಯೊಳಗಿನ ಹರಳು ತೆಗೆಯುತ್ತಿದ್ದ. ಅಕ್ಕ ತಟ್ಟೆಗೆ ಬಡಿಸಿ ಇಟ್ಟಿದ್ದಳು. ತಟ್ಟೆ ಹಾಗೇ ಆರುತ್ತಿತ್ತು.

"ಬಂದ್ಲು ನೋಡು," ಎಂದ ಭಾವ, ಹೆಂಡತಿಗೆ ಹೇಳುವಂತೆ. "ಕೈಗುಣ ಚೆನ್ನಾಗಿದೆ ನಿನ್ನ ತಂಗಿದು. ಮುಟ್ಟಿದ್ರೆ ಸಾಕು, ನನ್ನ ದುಡಿಮೆಯೆಲ್ಲ ಮಣ್ಣು."

"ಭಾವ, ಹೋಗಬೇಡಿ."

"ಬೆಳಗಿನ ಜಾವದಿಂದ ಉಜ್ಜಿದ ಮೈ ಅದು. ಬಟ್ಟಲು ಬಟ್ಟಲಿಗೂ ಮಗೂಗೆ ನೀರು ಹಾಕಿದ ಹಾಗೆ ಉಜ್ಜಿದೀನಿ. ಅದರ ಮೇಲೆ ಕೈ ಇಡೋವಾಗ ಈ ಮುಖ ನೆನಪಾಗ್ಲಿಲ್ವಾ ನಿನಗೆ?"

"ಇಲ್ಲ," ಎಂದಳು ಅವಳು. ಸುಳ್ಳು ಹೇಳಲು ನಾಲಗೆ ಏಳಲಿಲ್ಲ. "ಅಕ್ಕನ ಮುಖ ನೆನಪಾಯ್ತು."

ಅಕ್ಕ ಕೆಮ್ಮು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ತಡೆಯಲಾಗಲಿಲ್ಲ. ಅವಳು ಕಾರ್ಖಾನೆಯಲ್ಲಿ ದಿನವೂ ಗುಡಿಸುತ್ತಿದ್ದದ್ದು ಅದೇ ಓಣಿಯನ್ನು, ಕಂಪ್ರೆಸರ್ ಇರುವ, ಹರಿದ ಚೀಲಗಳು ಧೂಳು ಉಗುಳುವ ಓಣಿಯನ್ನು. ಗನ್ನಿಗಾದರೂ ಹೆಸರಿಗೊಂದು ಟೋಪಿ ಇತ್ತು. ಪೊರಕೆಗೆ ಅದೂ ಇರಲಿಲ್ಲ. ಪಾಳಿ ಮುಗಿಸಿ ಮನೆಗೆ ಬಂದರೆ ರೆಪ್ಪೆಯ ಮೇಲೂ ಬೂದು ಪುಡಿ, ದಿಂಬಿನ ಮೇಲೂ ಬೂದು ಪುಡಿ. ಮೊದಮೊದಲು ಮೆಟ್ಟಿಲು ಹತ್ತುವಾಗ ಬರುತ್ತಿದ್ದ ಕೆಮ್ಮು ಈಗ ಕೂತಲ್ಲೂ ಬರುತ್ತಿತ್ತು. ಭಾವ ಅದನ್ನು ಒಣಹವೆಯ ಕೆಮ್ಮು ಎನ್ನುತ್ತಿದ್ದ. ಹೊರಗೆ ಮೋಡ ಕಟ್ಟಿದ ದಿನವೂ ಹಾಗೇ ಎನ್ನುತ್ತಿದ್ದ.

"ಬಿಡೇ, ನನ್ನ ಹೆಸರು ಯಾಕೆ ಎಳೀತೀಯ," ಎಂದಳು ಅಕ್ಕ, ಉಸಿರು ಬಂದ ಮೇಲೆ. "ಎಲ್ರೂ ಕೆಮ್ತಾರೆ. ಮ್ಯಾನೇಜರ್ರೂ ಕೆಮ್ತಾರೆ."

"ನೀವು ಉಜ್ಜಿ ಕೊಟ್ರೆ ಮ್ಯಾನೇಜರ್ರೇ ಗನ್ನು ಹಿಡೀತಾರೆ, ಚಕ್ರ ಲಾರಿ ಹತ್ತುತ್ತೆ, ಮುಂದಿನ ಚಕ್ರ ಬರುತ್ತೆ. ಚೀಲ ಹಾಗೇ. ಉಜ್ಜೋರಿಲ್ಲ ಅಂದ್ರೆ ಮಾತ್ರ ಫ್ಯಾನ್ ನಿಲ್ಲುತ್ತೆ ಭಾವ."

"ಉಜ್ಜೋರಿಲ್ಲ ಅಂದ್ರೆ ನಾಳೆ ಇನ್ನೊಬ್ಬ ಬರ್ತಾನೆ, ಅಷ್ಟೇ. ಆಮೇಲೆ ಮೂವರೂ ಈ ಮೆಟ್ಟಿಲ ಮೇಲೆ ಸಾಲಾಗಿ ಕೂತು ಹೇನು ನೋಡ್ಕೊಳ್ಳೋಣ."

"ನನ್ನ ತಲೇಲಿ ಹೇನಿಲ್ಲ," ಎಂದಳು ಅಕ್ಕ.

ಭಾವ ಎದ್ದು ತಟ್ಟೆಯಲ್ಲಿದ್ದುದನ್ನು ನಿಂತೇ ನಾಲ್ಕು ತುತ್ತು ನುಂಗಿದ. ಅಂಗಿ ತಲೆಗೆ ತೂರಿಸಿಕೊಂಡ. ಬಾಗಿಲು ದಾಟುವಾಗ ಗನ್ನಕ್ಕನ ಕಡೆ ನೋಡದೆಯೇ ಹೇಳಿದ: "ಕೈ ಇಟ್ಟೋಳು ನೀನು. ಮೈ ಕೊಡೋನು ನಾನು. ಹೋರಾಟ ಅಂದ್ರೆ ಇದೇನಾ?"

ಅಕ್ಕನ ಪಾಳಿಯೂ ಶುರುವಾಗುತ್ತಿತ್ತು. ಅಕ್ಕ ತಂಗಿ ಇಬ್ಬರೂ ಭಾವನ ಹಿಂದೆ, ಒಂದಷ್ಟು ದೂರ ಬಿಟ್ಟು ನಡೆದರು.

ಕಾರ್ಖಾನೆಯ ಅಂಗಳದಲ್ಲೇ ಇರು ಎಂದು ಗನ್ನಕ್ಕನಿಗೆ ಮ್ಯಾನೇಜರ್ ಅಪ್ಪಣೆ ಮಾಡಿದ್ದರು. ಅವಳು ನಲ್ಲಿಯಿಂದ ಗೇಟಿಗೆ, ಗೇಟಿನಿಂದ ನಲ್ಲಿಗೆ ಅಡ್ಡಾಡಿದಳು. ಬಾಯಾರಿಕೆಯಿಲ್ಲದಿದ್ದರೂ ನೀರು ಕುಡಿದಳು. ಅಂಗೈ ತೊಳೆದಳು, ಒರೆಸಿಕೊಂಡಳು, ಮತ್ತೆ ತೊಳೆದಳು.

"ಕೂತ್ಕೋ ಗನ್ನಕ್ಕ," ಎಂದ ಗೇಟಿನವನು. "ನಿನ್ನ ನೋಡಿ ನೋಡಿ ನನ್ನ ಕಾಲಿಗೆ ನೋವು ಬಂತು."

"ಕಣ್ಣು ಮುಚ್ಕೋ."

"ಮುಚ್ಕೊಂಡ್ರೆ ಕೆಲಸ ಹೋಗುತ್ತೆ. ಗೇಟು ಕಾಯೋನು ನಾನು."

ಉಜ್ಜುವ ಕೋಣೆಯಿಂದ ಹರಳಿನ ಸದ್ದು ಶುರುವಾಯಿತು. ದಪ್ಪ ಗೋಡೆಯಾಚೆಯಿಂದಲೂ ಕೇಳುವ ಸೀಳು ಸದ್ದು, ಕಾದ ಬಾಣಲೆಗೆ ನೀರು ಚೆಲ್ಲಿದ ಹಾಗೆ. ಮುಗೀತು, ಎಂದುಕೊಂಡಳು ಅವಳು. ಭಾವ ಉಜ್ಜುತ್ತಿದ್ದ. ಅವಳು ಮುಟ್ಟಿದ್ದನ್ನು, ಹೇಳಿದ್ದನ್ನು ಎಲ್ಲ ಒಟ್ಟಿಗೆ ಉಜ್ಜಿ ಹಾಕುತ್ತಿದ್ದ. ಸಂಜೆಯೊಳಗೆ ಮ್ಯಾನೇಜರ್ ಅವಳ ಟೋಪಿ ತಲೆಗೇರಿಸಿ ಗನ್ನು ಹೊತ್ತಿಸುತ್ತಾರೆ. ಓಣಿಯಲ್ಲಿ ಅಕ್ಕ ಗುಡಿಸುತ್ತಿರುತ್ತಾಳೆ. ಬಾಡಿಗೆಗೆ ತಂದ ಸಾಮಾನಿಗಾದರೂ ಒಂದು ಗೋಣಿಚೀಲ ಹೊದಿಸುತ್ತಾರೆ, ಅವಳಿಗೆ ಅದೂ ಇಲ್ಲ. ಹೊಳೆಯ ಮರಳು ಉಕ್ಕನ್ನು ತಿನ್ನದಿರಲಿ ಎಂದು ಇಷ್ಟು ಜನ, ಇಷ್ಟು ಯಂತ್ರ, ಇಷ್ಟು ಭೂತಗನ್ನಡಿ. ಅದೇ ಪುಡಿ ಮನುಷ್ಯರ ಎದೆಗೂಡನ್ನು ತಿಂದರೆ ಅದಕ್ಕೆ ಒಣಹವೆ ಎಂಬ ಹೆಸರು. ಕಾಲಲ್ಲಿ ಸಿಕ್ಕ ಕಲ್ಲೊಂದನ್ನು ಒದ್ದಳು. ಅದು ಗೇಟಿಗೆ ಬಡಿದು ಠಣ್ ಎಂದಿತು. ಗೇಟಿನವನು ನಿಜವಾಗಿಯೂ ಕಣ್ಣು ಮುಚ್ಚಿಕೊಂಡ.

ಎಷ್ಟೋ ಹೊತ್ತಿನ ಮೇಲೆ ಅವಳ ಅಡ್ಡಾಟ ನಿಂತಿತು. ಸದ್ದಿನಲ್ಲಿ ಏನೋ ಎಡವಟ್ಟಿತ್ತು. ಹರಳು ಉಕ್ಕಿಗೆ ಬಡಿದರೆ ಆಗುವ ಸೀಳು ಸದ್ದು ಬೇರೆ. ನೆಲದ ಮೇಲೆ ರಾಶಿ ಬಿದ್ದ ಹರಳಿಗೇ ಹರಳು ಬಡಿದರೆ ಬರುವ ಮೊದ್ದು ಸದ್ದು ಬೇರೆ. ಈಗ ಕೇಳುತ್ತಿದ್ದದ್ದು ಮೊದ್ದು ಸದ್ದು. ಸ್ವಲ್ಪ ಹೊತ್ತು ಸೀಳುವುದು, ಆಮೇಲೆ ತುಂಬ ಹೊತ್ತು ಮೊದ್ದು, ಮತ್ತೆ ಸೀಳುವುದು. ಭಾವ ಒಂದು ಬಟ್ಟಲು ಉಜ್ಜುತ್ತಿದ್ದ, ಆಮೇಲೆ ಹೋಸನ್ನು ನೆಲಕ್ಕೆ ತಿರುಗಿಸಿ ಸುಮ್ಮನೆ ನಿಲ್ಲುತ್ತಿದ್ದ.

ಅವಳು ಗೋಡೆಯ ಹತ್ತಿರ ಹೋಗಿ ಕಿವಿಗೊಟ್ಟಳು. ಅನುಮಾನವಿರಲಿಲ್ಲ. ಕೊನೆಯ ಬಟ್ಟಲು ಮುಗಿಯುವಷ್ಟರಲ್ಲಿ ಮೊದಲ ಬಟ್ಟಲಿನ ಗಡುವು ದಾಟಿರುತ್ತದೆ. ಒಳಗಿರುವ ಮನುಷ್ಯ ಅವಳ ಕಣ್ಣಿಗೆ ಕಟ್ಟಿದ. ಆ ಕೋಣೆಯ ಸೆಖೆ, ಮೈಗೆ ಹೊದ್ದ ದಪ್ಪ ಚರ್ಮದ ಅಂಗಿ, ಹೆಗಲ ಮೇಲೆ ಹಾವಿನಂತೆ ಒದ್ದಾಡುವ ಹೋಸ್. ಸೆಖೆಯಲ್ಲಿ ಸುಮ್ಮನೆ ನಿಲ್ಲುವುದು ಉಜ್ಜುವುದಕ್ಕಿಂತ ಕಷ್ಟ.

ಸದ್ದು ನಿಂತಿತು. ಚಕ್ರ ಹೊರಗೆ ಬಂತು. ಅವಳೂ ಬಾಗಿಲ ಬಳಿಗೆ ಓಡಿದಳು. ಭೂತಪ್ಪ ಕೊನೆಯ ಬಟ್ಟಲಿಗೆ ಕನ್ನಡಿ ಹಿಡಿದು ತಲೆಯಾಡಿಸಿದ. ಮೊದಲ ಬಟ್ಟಲಿಗೆ ಬಂದಾಗ ತಲೆ ಅಲ್ಲಾಡುವ ದಿಕ್ಕು ಬದಲಾಯಿತು.

"ಇದು ಮಂಕಾಗಿದೆ."

"ಯಾಕಷ್ಟು ಹೊತ್ತು?" ಎಂದರು ಮ್ಯಾನೇಜರ್.

ಭಾವ ಶಿರಸ್ತ್ರಾಣ ತೆಗೆದ. ಕೂದಲು ನೆತ್ತಿಗಂಟಿತ್ತು. "ಒಂದೇ ದಿನಕ್ಕೆ ಎರಡು ಸಲ ಸಾರ್. ತೋಳು ಬರ್ತಿಲ್ಲ. ಇನ್ನೊಂದು ಸಲ ಉಜ್ತೀನಿ ಬಿಡಿ."

ಮತ್ತೆ ಒಳಗೆ ಹೋದ. ಮತ್ತೆ ಸೀಳು, ಮತ್ತೆ ಮೊದ್ದು. ಈ ಸಲ ಕಾರ್ಖಾನೆಗೆ ಕಾರ್ಖಾನೆಯೇ ಕಿವಿ ನಿಮಿರಿಸಿ ಕೇಳಿಸಿಕೊಳ್ಳುತ್ತಿತ್ತು. ಕ್ರೇನಿನವನು ಕೆಳಗಿಳಿದು ಬಂದು ಬೀಡಿಗೆ ಬೆಂಕಿ ಕೇಳಿದ, ಹಚ್ಚುವುದನ್ನು ಮರೆತ. ಮ್ಯಾನೇಜರ್ ಓಣಿಯಲ್ಲಿ ಹಿಂದೆ ಮುಂದೆ ನಡೆದರು. ಅಕ್ಕ ಅವರ ಹೆಜ್ಜೆಯ ಗುರುತುಗಳನ್ನು ಹಿಂದಿನಿಂದಲೇ ಗುಡಿಸುತ್ತ ಬಂದಳು, ಬೂದು ಧೂಳಿನ ಮೇಲೆ ಬೂಟಿನ ಅಚ್ಚು ಅಷ್ಟು ಸ್ಪಷ್ಟವಾಗಿತ್ತು.

ಈ ಸಲವೂ ಮೊದಲ ಬಟ್ಟಲು ಮಂಕಾಗಿಯೇ ಬಂತು. ಹೊತ್ತು ಇಳಿದಿತ್ತು, ಬಾಗಿಲಲ್ಲಿ ಬಿಸಿಲು ಓರೆಯಾಗಿತ್ತು. ಭಾವ ಗೋಡೆ ಹಿಡಿದು ನಿಂತಿದ್ದ. ಗನ್ನಕ್ಕ ನೀರಿನ ಲೋಟ ಹಿಡಿದು ಹತ್ತಿರ ಹೋದಳು. ಅವನು ತೆಗೆದುಕೊಂಡ, ಅವಳ ಮುಖ ನೋಡಲಿಲ್ಲ.

"ಬೇಕಂತಲೇ ಮಾಡ್ತಿದೀಯ," ಎಂದರು ಮ್ಯಾನೇಜರ್.

"ಬೇಕಂತಲೇ ಚೆನ್ನಾಗಿ ಮಾಡ್ತಿದೀನಿ ಸಾರ್. ಅವಸರ ಮಾಡಿದ್ರೆ ನೀವೇ ಬೈತೀರಿ."

"ನಾನು ಗನ್ನು ಹಿಡಿದವನಪ್ಪ. ಹೋಸ್ ನೆಲಕ್ಕೆ ಬಿಟ್ರೆ ಯಾವ ಸದ್ದು, ಉಕ್ಕಿಗೆ ಬಿಟ್ರೆ ಯಾವ ಸದ್ದು, ನನಗೆ ಗೊತ್ತಿಲ್ವಾ?"

"ಹಾಗಾದ್ರೆ ಬಾಕಿದೂ ಗೊತ್ತಿರುತ್ತೆ," ಎಂದ ಭಾವ. ಗುಟುಕು ನೀರು ಕುಡಿದ. "ಚೀಲ ಬದಲಿಸೋಕೆ ಒಂದು ದಿನ ಇಲ್ಲ ಅಂದ್ರಿ. ಇವತ್ತು ದಿನವಿಡೀ ನಾನೇನು ಮಾಡ್ದೆ? ಉಜ್ಜಿದ್ದನ್ನೇ ಉಜ್ಜಿದೆ. ನಾಳೆನೂ ಉಜ್ತೀನಿ, ನಾಡಿದ್ದೂ ಉಜ್ತೀನಿ. ತೋಳು ಬಿದ್ದು ಹೋಗೋವರೆಗೂ ಉಜ್ತೀನಿ. ನನ್ನ ಹೆಂಡ್ತಿ ಕೆಮ್ಮು ಒಣಹವೆದು ಅಂತ ನಾನೇ ಊರೆಲ್ಲ ಹೇಳ್ಕೊಂಡು ಬಂದೆ. ನನ್ನಂಥ ಪೆದ್ದ ನಿಮಗೆ ಬೇರೆ ಸಿಗಲ್ಲ. ಬೇಕಿದ್ರೆ ಹುಡುಕ್ಕೊಳ್ಳಿ."

ಭೂತಪ್ಪ ಕನ್ನಡಿಯನ್ನು ಅಂಗಿಗೆ ಒರೆಸಿ, ನೋಡಿ, ಮತ್ತೆ ಒರೆಸಿದ. ಮ್ಯಾನೇಜರ್ ಏನೋ ಹೇಳಲು ಬಾಯಿ ತೆರೆದರು, ಕೆಮ್ಮು ಬಂತು. ಸಣ್ಣ ಕೆಮ್ಮು. ಅದು ಬೇಗ ನಿಲ್ಲಲಿಲ್ಲ. ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು ಇನ್ನೊಂದು ಕೈಯಿಂದ ಸ್ಟೋರಿನ ಕಡೆ ಸನ್ನೆ ಮಾಡಿದರು.

"ಫ್ಯಾನ್ ನಿಲ್ಲಿಸಿ," ಎಂದರು ಕೊನೆಗೆ. "ಚೀಲ ತನ್ನಿ. ಕೇಂದ್ರದವರಿಗೆ ನಾನು ಹೇಳ್ಕೋತೀನಿ."

ಫ್ಯಾನಿನ ಗುಡುಗು ಇಳಿಯುತ್ತ ಇಳಿಯುತ್ತ ಸತ್ತಿತು. ಗನ್ನಕ್ಕನಿಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಫಿಟ್ಟರುಗಳು ಚೀಲ ತೂಗುಹಾಕಿದ ಸೋಸುಮನೆಯ ಬಾಗಿಲು ಬಿಚ್ಚಿ ಹಳೆಯ ಚೀಲಗಳನ್ನು ಒಂದೊಂದಾಗಿ ಇಳಿಸತೊಡಗಿದರು. ಆಳುದ್ದದ ಚೀಲಗಳು, ಹೆಣದಂತೆ ಭಾರ. ನಾಲ್ಕೋ ಐದೋ ಇಳಿಯುವಷ್ಟರಲ್ಲಿ ಒಂದು ಚೀಲದ ಹರುಕು ಬಾಯಿ ಪೂರ್ತಿ ಬಿಚ್ಚಿಕೊಂಡಿತು. ಬೂದು ಪುಡಿ ಓಣಿಯ ನೆಲದ ಮೇಲೆ ಗುಡ್ಡೆಯಾಗಿ ಸುರಿಯಿತು, ಅಂಚಿನಿಂದ ಹೊಗೆಯಂತೆ ಎದ್ದಿತು. ಎಲ್ಲರೂ ಮೂಗು ಹಿಡಿದು ಹಿಂದೆ ಸರಿದರು. ಫಿಟ್ಟರುಗಳಿಗೆ ಕಾಲಿಡಲು ಜಾಗವಿಲ್ಲ, ಕೆಲಸ ನಿಂತಿತು.

ಮ್ಯಾನೇಜರ್ ಸುತ್ತ ನೋಡಿದರು. ರೂಢಿಯಂತೆ ಅವರ ಕಣ್ಣು ಹೋದದ್ದು ಅಕ್ಕನ ಕಡೆಗೆ, ರೂಢಿಯಂತೆ ಎಲ್ಲರ ಕಣ್ಣೂ. ಭಾವನ ಕಣ್ಣೂ ಹೋಯಿತು. ಅಷ್ಟೇಕೆ, ಗನ್ನಕ್ಕನ ಕಣ್ಣೇ ಹೋಯಿತು. ಹೋದದ್ದು ಗೊತ್ತಾಗುತ್ತಿದ್ದಂತೆ ಅವಳ ಮುಖಕ್ಕೆ ಬೆಂಕಿ ಬಿದ್ದಂತಾಯಿತು.

"ಇದೊಂದು ಸಲ ಬೇಗ ಗುಡಿಸಿಬಿಡಮ್ಮ," ಎಂದರು ಮ್ಯಾನೇಜರ್. "ಕೆಲಸ ಮುಂದೆ ಹೋಗ್ಲಿ."

ಅಕ್ಕ ಗುಡ್ಡೆಯನ್ನು ನೋಡಿದಳು. ಗಂಡನನ್ನು, ತಂಗಿಯನ್ನು, ಮ್ಯಾನೇಜರನ್ನು ಒಂದು ಸುತ್ತು ನೋಡಿದಳು. ಪೊರಕೆಯನ್ನು ಗೋಡೆಗೆ ಒರಗಿಸಿ, ಖಾಲಿ ಡ್ರಮ್ಮೊಂದನ್ನು ಕಾಲಲ್ಲಿ ಎಳೆದು ಅದರ ಮೇಲೆ ಕೂತಳು. ಸೀರೆಯ ನೆರಿಗೆಯನ್ನು ಸರಿಮಾಡಿಕೊಂಡಳು.

"ಇವರಿಬ್ರೂ ನನ್ನ ಕೆಮ್ಮಿಗೋಸ್ಕರ ಇವತ್ತು ತುಂಬಾ ಬಡಿದಾಡಿದ್ರು," ಎಂದಳು. "ನನ್ನ ಯಾರೂ ಕೇಳ್ಲಿಲ್ಲ, ಇರ್ಲಿ. ಮುಖಕ್ಕೆ ಕಟ್ಟೋಕೆ ನೆಟ್ಟಗಿರೋದೊಂದು ತರಿಸಿ ಸಾರ್. ಕರ್ಚೀಫಲ್ಲ. ಬಂದ ಮೇಲೆ ಎದ್ದು ಗುಡಿಸ್ತೀನಿ."

"ಅದು ಈಗ ಎಲ್ಲಿ ಸಿಗುತ್ತಮ್ಮ? ಪೇಟೆಗೆ ಹೋಗಿ ತರಬೇಕು."

"ಹೋಗಿ ಬರ್ಲಿ. ನಾನೇನು ಓಡಿ ಹೋಗ್ತಿಲ್ಲ."

ಗನ್ನಕ್ಕ ಹತ್ತಿರ ಹೋಗಿ ಪಕ್ಕದಲ್ಲಿ ನಿಂತಳು. ಏನು ಹೇಳಬೇಕೆಂದು ತಿಳಿಯದೆ ಅಕ್ಕನ ಹೆಗಲ ಮೇಲೆ ಕೈ ಇಟ್ಟಳು. "ತೆಗಿಯೇ," ಎಂದಳು ಅಕ್ಕ, "ಸೆಖೆ." ಅಷ್ಟು ಹೊತ್ತಿಗೆ ಕ್ರೇನಿನವನು ಪೇಟೆಗೆ ಹೋಗಲು ಸೈಕಲ್ಲಿನ ಬೀಗ ತೆಗೆಯುತ್ತಿದ್ದ. ಭಾವ ಬಂದು ಓಣಿಯ ಆ ಕಡೆಯ ಬಾಗಿಲನ್ನು, ಗಾಳಿ ನುಗ್ಗಿ ಗುಡ್ಡೆ ಮೇಲೇಳದ ಹಾಗೆ, ಮೆಲ್ಲಗೆ ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತ.